ಶ್ರುತಿ ಕೊಟ್ಟ ಫ್ರಿಜ್

ಈ ವರ್ಷದ ಸಮೂಹ ಗಾಯನ ಸ್ಪರ್ಧೆಯ ಕಪ್ ನಮ್ಮ ಬೀದಿಗೇ ಬರಬೇಕು ಎಂದು ನಾನು ತೀರ್ಮಾನಿಸಿಬಿಟ್ಟೆ. ಅದನ್ನಿಡಲು ನಮ್ಮ ಹಳೇ ಫ್ರಿಜ್ಜಿನ ತಲೆಯ ಮೇಲಿದ್ದ ಬುಟ್ಟಿ, ಔಷಧಿ ಡಬ್ಬಿಗಳನ್ನೆಲ್ಲ ತೆಗೆಸಿ ಜಾಗವನ್ನೂ ಮಾಡಿಸಿದೆ. ತಂಡದ ನಾಯಕ ಯಾರು? ನಾನೇ! ನನ್ನನ್ನು ಆರಿಸಿದವರು ಯಾರು? ಅದೂ ನಾನೇ!

ಟೈಲರು, ಹಲ್ಲಿನ ಡಾಕ್ಟರು, ಅವರವರ ಮನೆಯವರು, ಅಕ್ಕಪಕ್ಕದವರು ಎಂದು ಹತ್ತು ಹನ್ನೆರಡು ಗಂಟಲುಗಳು ಸಿಕ್ಕವು.

"ರೀ, ನಾನೂ ಹಾಡ್ತೀನಿ," ಎಂದಳು ನನ್ನ ಹೆಂಡತಿ.

"ಹಾಡೋದು ಅಂದ್ರೆ ಪಾತ್ರೆ ತೊಳೀತಾ ಗುನುಗೋದಲ್ಲ ಕಣೆ. ನೀನು ಬಂದವರಿಗೆ ತಣ್ಣೀರು ಕೊಡು, ಸಾಕು."

ಅವಳು ನೀರಿನ ಜಗ್ ತೊಳೆಯಲು ಹೋದಳು. ಗೆದ್ದೆ ಎಂದುಕೊಂಡೆ.

ದಿನಾ ಸಂಜೆ ಅಡುಗೆಮನೆಗೆ ಅಂಟಿಕೊಂಡ ನಮ್ಮ ಊಟದ ಕೋಣೆಯಲ್ಲಿ ಅಭ್ಯಾಸ. ನಾನು ಕೈ ಎತ್ತಿದ್ದೇ ತಡ, ಅಷ್ಟೂ ಗಂಟಲುಗಳು ಒಂದೇ ಸ್ವರದಲ್ಲಿ ಏಳುತ್ತಿದ್ದವು. ಎಲ್ಲ ನನ್ನ ಕೈಗುಣ ಎಂದು ಒಳಗೊಳಗೇ ಉಬ್ಬಿದೆ.

ಸ್ಪರ್ಧೆಗೆ ಮುಂಚೆ ಸಭಾಂಗಣದಲ್ಲಿ ಒಮ್ಮೆ ಹಾಡಿ ನೋಡೋಣವೆಂದು ಹೋದೆವು. ಕೈ ಎತ್ತಿದೆ. ಟೈಲರು ಆಕಾಶಕ್ಕೇರಿದರು, ಡಾಕ್ಟರು ಪಾತಾಳಕ್ಕಿಳಿದರು, ಉಳಿದವರು ನಡುವೆ ಚೆಲ್ಲಾಪಿಲ್ಲಿಯಾದರು. ಮತ್ತೆ ಎತ್ತಿದೆ. ಮತ್ತೆ ಅದೇ ಗದ್ದಲ!

"ಸಾರ್, ನಿಮ್ಮನೇಲಿ ಚೆನ್ನಾಗೇ ಬರ್ತಿತ್ತಲ್ಲ?" ಡಾಕ್ಟರಿಗೆ ಆಶ್ಚರ್ಯ.

ನೀರಿನ ಜಗ್ ಹಿಡಿದು ನಿಂತಿದ್ದ ನನ್ನ ಹೆಂಡತಿ ಹೇಳಿದಳು: "ಅಲ್ಲಿ ಫ್ರಿಜ್ ಗುಂಯ್ ಅಂತಿರುತ್ತೆ. ನೀವೆಲ್ಲ ಅದರ ಶ್ರುತಿ ಹಿಡಿದು ಹಾಡ್ತಿದ್ರಿ."

ಎಲ್ಲರೂ ನಕ್ಕೆವು. ಮನೆಗೆ ಬಂದು ಫ್ರಿಜ್ಜಿನ ಪ್ಲಗ್ ಕಿತ್ತು ಹಾಡಿದೆವು. ನಗು ನಿಂತಿತು.

"ಒಂದು ಕೀಬೋರ್ಡ್ ಇಟ್ಕೊಳ್ಳೋಣ," ಎಂದರು ಟೈಲರು.

"ಯಾವ ವಾದ್ಯವನ್ನೂ ತರೋ ಹಾಗಿಲ್ಲ. ತಂದ್ರೆ ತಂಡ ಔಟ್!" ಸ್ಪರ್ಧೆಯ ನಿಯಮ ನೆನಪಿಸಿದೆ ನಾನು.

"ಬೇಕಾದ್ರೆ ನಾನು..." ಎಂದು ಹೆಂಡತಿ ಬಾಯಿ ತೆರೆದಳು.

"ಸುಮ್ನಿರು, ಯೋಚನೆ ಮಾಡ್ತಿದ್ದೀನಿ!"

ಮಾಡಿದೆ. ಹೊಳೆಯಿತು. ಫ್ರಿಜ್ ವಾದ್ಯವಲ್ಲವಲ್ಲ!

ಸ್ಪರ್ಧೆಯ ದಿನ ಬೆಳಿಗ್ಗೆಯೇ ಫ್ರಿಜ್ ವ್ಯಾನ್ ಏರಿತು. ಸಭಾಂಗಣದ ಕಾವಲುಗಾರ ಬಾಗಿಲಲ್ಲೇ ತಡೆದ.

"ಇದೇನ್ ಸಾರ್?"

"ನಮ್ಮ ತಂಡದ ಸದಸ್ಯ."

"ಹಾಡುತ್ತಾ?"

"ನಮಗಿಂತ ಚೆನ್ನಾಗಿ," ಎಂದರು ಏದುಸಿರು ಬಿಡುತ್ತಾ ಫ್ರಿಜ್ ಹೊತ್ತಿದ್ದ ಟೈಲರು.

ವೇದಿಕೆಯ ಪಕ್ಕದ ಪರದೆಯ ಹಿಂದೆ ನಿಲ್ಲಿಸಿ ಪ್ಲಗ್ ಹಾಕಿದೆವು. ಗುಂಯ್! ನನ್ನ ಕಿವಿಗೆ ಅಮೃತ. ಯಾರಾದರೂ ಬಾಗಿಲು ತೆಗೆದು ನಮ್ಮ ಶ್ರುತಿ ಕೆಡಿಸಿಯಾರು ಎಂದು ಹಗ್ಗ ಸುತ್ತಿ ಬಿಗಿದೆ. ಸಾಲದ್ದಕ್ಕೆ ಹೆಂಡತಿಯನ್ನೂ ಕಾವಲಿಗೆ ನಿಲ್ಲಿಸಿದೆ.

ಮಧ್ಯಾಹ್ನ ನಮ್ಮ ಸರದಿ ಬಂತು. ಕೈ ಎತ್ತಿದೆ. ಆಹಾ, ಮೊದಲ ಚರಣ! ತೀರ್ಪುಗಾರರ ತಲೆ ತಾನಾಗಿಯೇ ತೂಗತೊಡಗಿತು. ಕಪ್‌ನ ಧೂಳನ್ನು ದಿನಾ ಒರೆಸುವವರು ಯಾರು ಎಂಬುದನ್ನೂ ನಾನು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡೆ.

ಎರಡನೇ ಚರಣ ಶುರುವಾಗಿತ್ತಷ್ಟೆ. ಪರದೆಯ ಹಿಂದೆ ಫ್ರಿಜ್ ಗಡಗಡ ನಡುಗಿ ಸುಮ್ಮನಾಯಿತು!

ಟೈಲರು ಆಕಾಶಕ್ಕೆ, ಡಾಕ್ಟರು ಪಾತಾಳಕ್ಕೆ. ನನ್ನ ಕೈ ಎತ್ತಿದಲ್ಲೇ ನಿಂತಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ, ನನ್ನ ಬಳಿ ಕೊಡಲು ಒಂದು ಸ್ವರವೂ ಇಲ್ಲ. ನಿಜ ಹೇಳುತ್ತೇನೆ, ಅಳು ಬಂದಿತ್ತು.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಮತ್ತೆ ಅದೇ ಗುಂಯ್! ಹೋದ ಜೀವ ಬಂತು. ಒಬ್ಬೊಬ್ಬರಾಗಿ ಅದಕ್ಕೆ ಜೋತುಬಿದ್ದು ಹೇಗೋ ಹಾಡನ್ನು ದಡ ಮುಟ್ಟಿಸಿದೆವು.

ಕಪ್ ಬೇರೆಯವರ ಪಾಲಾಯಿತು. ಹಿರಿಯ ತೀರ್ಪುಗಾರರು ಮಾತ್ರ ನಮ್ಮನ್ನು ಹುಡುಕಿಕೊಂಡು ಪರದೆಯ ಹಿಂದೆ ಬಂದರು.

"ನಡುವೆ ಶ್ರುತಿ ಕೊಟ್ಟದ್ದು ಯಾರು? ಅಷ್ಟು ಕರಾರುವಾಕ್ಕಾಗಿ!"

"ನಮ್ಮ ಫ್ರಿಜ್ಜು!" ಎಂದು ಎದೆಯುಬ್ಬಿಸಿ ತೋರಿಸಿದೆ.

ಫ್ರಿಜ್ ಆಗಲೂ ಸುಮ್ಮನೇ ನಿಂತಿತ್ತು. ಅದರ ಪಕ್ಕದಲ್ಲಿ ನನ್ನ ಹೆಂಡತಿ.

"ವರ್ಷಗಟ್ಟಲೆ ಕೇಳಿ ಕೇಳಿ ಬಾಯಿಗೆ ಬಂದಿದೆ," ಎಂದಳು ನಾಚಿಕೊಂಡು.

"ಅಮ್ಮಾ, ನೀವು ಮುಂದೆ ನಿಂತಿದ್ರೆ ಕಪ್ ನಿಮ್ಮದೇ ಆಗ್ತಿತ್ತು," ಎಂದು ಅವರು ಹೊರಟುಹೋದರು.

"ಅಲ್ಲ ಕಣೆ, ಮನೇಲಿ ಅಭ್ಯಾಸದ ಹೊತ್ತಲ್ಲಿ ಇದು ಒಂದು ದಿನವೂ ನಿಂತಿರಲಿಲ್ಲವಲ್ಲ?" ನನ್ನ ದನಿಯೇ ನನಗೆ ಕೇಳಿಸಲಿಲ್ಲ.

"ಹೇಗೆ ನಿಲ್ಲುತ್ತೆ? ನಿಮಗೆಲ್ಲ ನೀರು ಕೊಡೋಕೆ ಗಳಿಗೆಗೊಂದು ಸಲ ಬಾಗಿಲು ತೆಗೀತಿದ್ದೆ. ಒಳಗೆ ಪೂರ್ತಿ ತಣ್ಣಗಾದ್ರೆ ತಾನೆ ಮೋಟಾರು ನಿಲ್ಲೋದು? ಇಲ್ಲಿ ನೀವು ಹಗ್ಗ ಕಟ್ಟಿದ್ರಿ!"

ಆ ಹಗ್ಗ ಬಿಚ್ಚುವಾಗ ನನ್ನ ಮುಖ ಯಾರಿಗೂ ಕಾಣದಿರಲಿ ಎಂದು ಫ್ರಿಜ್ಜಿನ ಹಿಂದೆಯೇ ಬಗ್ಗಿ ಕೂತಿದ್ದೆ.

ಬರುವ ವರ್ಷದ ಕಪ್ಪಿಗಾಗಿ ಮುಂದಿನ ವಾರವೇ ಮತ್ತೆ ಅಭ್ಯಾಸ. ಟೈಲರು, ಡಾಕ್ಟರು ಎಲ್ಲ ಸೇರಿ ಅವಳನ್ನೇ ಮುಂದೆ ನಿಲ್ಲಿಸಿದರು. ನಾನೂ ದೊಡ್ಡ ಮನಸ್ಸು ಮಾಡಿ, ಗಂಟಲು ಸರಿಮಾಡಿಕೊಂಡು, ಸಾಲಿನ ಕೊನೆಯಲ್ಲಿ ನಿಂತೆ.

"ರೀ, ನೀವು ಅಲ್ಲಲ್ಲ," ಎಂದಳು.

"ಮತ್ತೆಲ್ಲಿ?"

ಜಗ್ಗನ್ನು ನನ್ನ ಕೈಗಿಟ್ಟಳು.

"ಬಂದವರಿಗೆ ತಣ್ಣೀರು ಕೊಡಿ, ಸಾಕು."