ಅಳಿವೆಯ ಅಡಿಯ ಊರಿನಲ್ಲಿ ಪ್ರಾಣಿಶಾಸ್ತ್ರ

ಪಾಠ ಹೇಳುವವರಿಗೆ ಒಂದು ಕಾಯಿಲೆ ಇರುತ್ತದೆ: ಯಾರೂ ಕೇಳದಿದ್ದರೂ ತಿದ್ದುವುದು. ನಾನು ಬಲ್ಮಠದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆನಾದ್ದರಿಂದ ನನ್ನ ಕಾಯಿಲೆಗೆ ಸಂಬಳವೂ ಬರುತ್ತಿತ್ತು. ಕದ್ರಿಯ ನಮ್ಮ ಮನೆಯಲ್ಲಿ ಅಮ್ಮ ನನ್ನ ಪುಟ್ಟ ಮಗಳು ಸುಮತಿಗೆ ಉಣ್ಣಿಸುವಾಗ ಬೆಂಗ್ರೆಯಲ್ಲಿ ನದಿ ಕಡಲು ಸೇರುವ ಅಳಿವೆಯ ಅಡಿಯಲ್ಲಿರುವ ಒಂದು ಊರಿನ ಕಥೆ ಹೇಳುತ್ತಿದ್ದರು. ಅಲ್ಲಿ ಅಂಜಲ್ ಮೀನು ರಾಣಿ, ಏಡಿ ಪೊಲೀಸು, ಪುಟ್ಟ ಬೂತಾಯಿ ಮೀನುಗಳೆಲ್ಲ ಶಾಲೆಯ ಮಕ್ಕಳು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದಾಗಲೂ ಆ ಮೀನುಗಳ ರಾಜ್ಯದ ಗಡಿ ಕದಲಲಿಲ್ಲ. ನಾನು ಮಾತ್ರ ಪೇಪರಿನ ಹಿಂದಿನಿಂದ ತಿದ್ದುತ್ತಿದ್ದೆ: ರಾಣಿ ಕಣ್ಣು ಮುಚ್ಚಿ ಮಲಗುವಂತಿಲ್ಲ, ಮೀನಿಗೆ ರೆಪ್ಪೆಯಿಲ್ಲ; ಅಳುವಂತೆಯೂ ಇಲ್ಲ, ಕಣ್ಣೀರಿಲ್ಲ. "ನಿನ್ನ ಮೀನು ಕಾಲೇಜಿನಲ್ಲೇ ಇರಲಿ ಮಾರಾಯ. ನನ್ನದು ಅಳ್ತದೆ" ಎನ್ನುತ್ತಿದ್ದರು ಅಮ್ಮ.

ಒಂದು ಮಳೆಗಾಲದ ಕೊನೆಗೆ ಅಮ್ಮ ತೀರಿಕೊಂಡರು. ಅಜ್ಜಿ ಆ ಊರಿಗೇ ಹೋದರೆಂದು ಸುಮತಿ ತಾನೇ ತೀರ್ಮಾನಿಸಿದಳು. "ಅಜ್ಜಿ ಈಗ ಮೀನಲ್ವಾ ಅಪ್ಪ? ನನ್ನ ನೆನಪು ಉಂಟಲ್ವಾ ಅವರಿಗೆ?" ಹೌದು ಎನ್ನಲು ನನಗೇನು ಧಾಡಿ? ಮೀನು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ, ತನ್ನ ಮರಿಯ ಗುರುತೂ ಅದಕ್ಕಿರುವುದಿಲ್ಲ ಎಂದು ಪಾಠ ಒಪ್ಪಿಸಿದೆ. ಮಗು ತಟ್ಟೆ ದೂಡಿ ಎದ್ದಳು. ಮರುದಿನ ಗಂಜಿಯೂ ಬೇಡ, ಅವಲಕ್ಕಿಯೂ ಬೇಡ. ಅದರ ಮರುದಿನವೂ ಅದೇ. ನನಗೆ ನಿಜಕ್ಕೂ ಹೆದರಿಕೆಯಾಯಿತು. "ಎಂತ ಮನುಷ್ಯ ನೀವು! ಹಾಳು ಮಾಡಿದ್ದು ನೀವೇ, ಸರಿ ಮಾಡಿ" ಎಂದು ಹೆಂಡತಿ ಅನ್ನದ ತಟ್ಟೆಯನ್ನು ನನ್ನ ಕೈಗೇ ಕೊಟ್ಟಳು.

ಸುಳ್ಳು ಹೇಳಲು ಬಾರದ ನಾನು ಶಾಸ್ತ್ರದಲ್ಲೇ ತಡಕಾಡಿದೆ. "ಎಲ್ಲ ಮೀನೂ ಹಾಗಲ್ಲ ಮಗಾ. ತೇಡೆ ಮೀನು ಉಂಟಲ್ಲ, ಅದರ ಅಪ್ಪ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯ್ತದೆ. ಮರಿ ಹೊರಗೆ ಬರುವವರೆಗೆ ಏನೂ ತಿನ್ನುವುದಿಲ್ಲ."

"ಮಾತಾಡುವುದೂ ಇಲ್ವಾ?"

"ಬಾಯಿ ತೆರೆದರೆ ಮೊಟ್ಟೆ ಬಿದ್ದುಹೋಗ್ತದಲ್ಲ!"

"ಅಂಥ ಮೀನು ನಮಗೆ ಸಿಗಲಿಲ್ಲ" ಎಂದಳು ಒಳಗಿನಿಂದ ಹೆಂಡತಿ.

ಸುಮತಿ ಯೋಚಿಸಿ ಕೇಳಿದಳು: "ಅಜ್ಜಿಯೂ ತೇಡೆಯಾ?"

ಕಾಯುವುದು ಗಂಡು ಮಾತ್ರ ಎಂಬ ತಿದ್ದುಪಡಿ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಹೌದೆಂದೆ.

"ಹಾಗಾದ್ರೆ ನೀವೂ ತೇಡೆ. ನಾನು ಉಂಡು ಮುಗಿಸುವವರೆಗೆ ಬಾಯಿ ತೆಗೀಬಾರ್ದು!"

ತಟ್ಟೆ ಎಳೆದುಕೊಂಡು ಉಣ್ಣತೊಡಗಿದಳು. ಉಣ್ಣುತ್ತಲೇ ತನಗೆ ತಾನೇ ಕಥೆ ಹೇಳಿಕೊಂಡಳು: ಅಂಜಲ್ ರಾಣಿ ಕಣ್ಣು ಮುಚ್ಚಿ ಮಲಗಿದಳಂತೆ, ಏಡಿ ಪೊಲೀಸು ಬಾಗಿಲು ಕಾಯಿತಂತೆ. ಅಮ್ಮನದೇ ರಾಗ, ಅಮ್ಮನದೇ ಎಳೆತ. ಅಮ್ಮ ಹೋದಮೇಲೆ ನಾನು ಒಂದು ದಿನವೂ ಅತ್ತಿರಲಿಲ್ಲ. ಬಂದವರಿಗೆಲ್ಲ ಅಮ್ಮನ ಕಾಯಿಲೆಯ ವಿವರವನ್ನು ಪಾಠದಂತೆ ಹೇಳಿ ಕಳುಹಿಸಿದ್ದೆ.

ಸುಮತಿಯ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಮುಖವನ್ನೇ ನೋಡಿದಳು.

"ಅಪ್ಪ, ಮೀನು ಅಳುವುದಿಲ್ಲ ಅಂತ ನೀವೇ ಹೇಳಿದ್ದಲ್ವಾ?"

ತಟ್ಟೆಯಲ್ಲಿ ಇನ್ನೂ ಅನ್ನವಿತ್ತು. ನಾನು ಬಾಯಿ ತೆರೆಯುವಂತಿರಲಿಲ್ಲ.