ಒಂದೇ ಸೂಜಿಗೆ ಹೋದ ಕಿವಿ

ಮಾತ್ರೆ ಬರೆದುಕೊಡುವ ಡಾಕ್ಟರನ್ನು ನಮ್ಮ ಕಡೆ ಯಾರೂ ಪೂರ್ತಿ ಡಾಕ್ಟರೆಂದು ಒಪ್ಪುವುದಿಲ್ಲ. ಬಸ್ ಚಾರ್ಜು ಕೊಟ್ಟು ತಿಪಟೂರಿಗೆ ಹೋಗಿ ಒಂದು ಸೂಜಿಯನ್ನೂ ಚುಚ್ಚಿಸಿಕೊಳ್ಳದೆ ಬಂದವನನ್ನು, ಮದುವೆಗೆ ಹೋಗಿ ಊಟ ಮಾಡದೆ ಬಂದವನನ್ನು ನೋಡುವಂತೆ ನೋಡುತ್ತಾರೆ. ಬೇರೆಯವರ ಮಾತೇಕೆ, ಈ ಮೂಢರಲ್ಲಿ ಮೊದಲನೆಯವನು ನಾನೇ. ಕಾಲಿನ ಹುಣ್ಣು ಕೀವಾಗಿ ತಿಪಟೂರಿಗೆ ಹೋದಾಗ ಅಲ್ಲಿಯ ಡಾಕ್ಟರು ಐದು ದಿನದ ಮಾತ್ರೆ ಬರೆದು, "ಪೂರ್ತಿ ನುಂಗಿ, ಮಧ್ಯದಲ್ಲಿ ಬಿಡಬೇಡಿ" ಎಂದರು. ನನಗೆ ಅವಮಾನವಾಯಿತು. ಚೀಟಿಯನ್ನು ಜೇಬಿಗೆ ತುರುಕಿಕೊಂಡು ನೇರವಾಗಿ ಪಕ್ಕದೂರಿನ ಕಾಂಪೌಂಡರ್ ಮನೆಗೆ ಹೋದೆ.

ಕಾಂಪೌಂಡರ್ ಪಾಪ, ಒಳ್ಳೆಯ ಮನುಷ್ಯ. ಸ್ಪಿರಿಟ್ ದೀಪದ ಮೇಲೆ ಗಾಜಿನ ಸಿರಿಂಜು ಕುದಿಸುತ್ತಾ, "ಡಾಕ್ಟರು ಮಾತ್ರೆ ಬರ್ದವ್ರಲ್ಲ ಸ್ವಾಮಿ, ಅದನ್ನೇ ತಗಳ್ರಿ" ಎಂದು ಎರಡು ಸಲ ಹೇಳಿದ. "ಮಾತ್ರೆ ಎಲ್ಲಾ ಮಕ್ಕಳಿಗೆ ಕಣಯ್ಯ. ಜೋರಾಗಿರೋದು ಒಂದೇ ಒಂದು ಹಾಕು" ಎಂದೆ. ಹಾಕಿದ. ಹುಣ್ಣು ಯಾವಾಗ ಮಾಯಿತೋ ನೆನಪಿಲ್ಲ. ಮೂರನೆಯ ದಿನಕ್ಕೆ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಲು ಶುರುವಾಯಿತು. ಎದ್ದು ನಿಂತರೆ ನೆಲ ವಾಲುತ್ತಿತ್ತು. ಹತ್ತು ದಿನ ಗೋಡೆ ಹಿಡಿದು ನಡೆದೆ. ಹೆಂಡತಿ ಪಾರ್ವತಿ ಮತ್ತೆ ತಿಪಟೂರಿಗೆ ಎಳೆದುಕೊಂಡು ಹೋದಳು. ಒಂದೇ ಸೂಜಿಗೆ ಹೀಗಾಗುತ್ತದೆಯೇ ಎಂದು ಡಾಕ್ಟರನ್ನು ಕೇಳಿದೆ. "ಬಹಳ ಜನಕ್ಕೆ ಆಗಲ್ಲ, ಕೆಲವರಿಗೆ ಆಗುತ್ತೆ. ತಲೆಸುತ್ತು ಹೋಗಬಹುದು. ಕಿವಿ ವಿಷಯ ಹೇಳಕ್ಕಾಗಲ್ಲ" ಎಂದು ಕೂಗಿ ಹೇಳಿದರು. ತಲೆಸುತ್ತು ಹೋಯಿತು.

ಇದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ನಮ್ಮ ಕಡೆ ತೆಂಗಿನಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಒಣಗಲು ಬಿಡುತ್ತೇವೆ. ಒಳಗಿನ ನೀರು ಪೂರ್ತಿ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಸುಲಿದು ಒಡೆದರೆ ಇಡೀ ಗಿಟುಕು, ಎಂದರೆ ಉಂಡೆ ಕೊಬ್ಬರಿ, ಸಿಗುತ್ತದೆ. ನೀರು ಉಳಿದಿದ್ದರೆ ಕೆಟ್ಟಿತು. ಆ ಸದ್ದು ಗುರುತಿಸುವುದರಲ್ಲಿ ನನ್ನ ಕಿವಿಗೆ ಊರಿನಲ್ಲಿ ಹೆಸರಿತ್ತು. ಬೇರೆ ಯಾವುದಕ್ಕೂ ನನಗೆ ಹೆಸರಿರಲಿಲ್ಲ. ಆದ್ದರಿಂದ ಕಿವಿ ಹೋದದ್ದನ್ನು ಯಾರಿಗೂ ಹೇಳಲಿಲ್ಲ. ಪಾರ್ವತಿಗೂ ಸರಿಹೋಯಿತೆಂದೇ ಹೇಳಿದೆ. ಎದುರಿನವರ ತುಟಿ ನೋಡಿ, ಅವರು ನಕ್ಕರೆ ನಗುತ್ತಿದ್ದೆ. ಒಂದು ಸಲ ಸಾವಿನ ಸುದ್ದಿ ಹೇಳಲು ಬಂದವನಿಗೆ "ಸಂತೋಷ, ಸಂತೋಷ" ಎಂದುಬಿಟ್ಟೆ. ಹೋದವರು ತೀರಾ ವಯಸ್ಸಾದವರಾಗಿದ್ದರಿಂದ ಅವನು ಅದನ್ನು ವೇದಾಂತವೆಂದು ತಿಳಿದು ಕೈಮುಗಿದು ಹೋದ.

ಪಕ್ಕದ ಮನೆಯ ಸಿದ್ದಮ್ಮನಿಗೆ ಗಂಡನಿರಲಿಲ್ಲ. ಅಟ್ಟದ ಮೇಲಿನ ಕಾಯಿಯೇ ಅವಳಿಗೂ ಇಬ್ಬರು ಹೆಣ್ಣುಮಕ್ಕಳಿಗೂ ವರ್ಷದ ಅನ್ನ. "ಒಂದ್ಸಲ ಬಂದು ಕೇಳಿ ಹೇಳಣ್ಣ" ಎಂದು ಕರೆದಳು. ಏಣಿ ಹತ್ತಿ ಹತ್ತಾರು ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಎಲ್ಲದರೊಳಗೂ ಅದೇ ಜೀರುಂಡೆ. ನನಗೆ ಕೇಳಿಸುತ್ತಿಲ್ಲ ಎಂಬ ಮಾತು ಬಾಯಿತನಕ ಬಂತು. ಕೆಳಗೆ ಸಿದ್ದಮ್ಮ ಮುಖವೆತ್ತಿ ನಿಂತಿದ್ದಳು. "ಸುಲಿಸಮ್ಮ, ಆಗೈತೆ" ಎಂದೆ.

ಮಾರನೆಯ ದಿನ ಸುಲಿಯಲು ಬಂದ ರಂಗಪ್ಪ ನಾಲ್ಕು ಕಾಯಿ ಸುಲಿಯುವಷ್ಟರಲ್ಲಿ ಕೈ ನಿಲ್ಲಿಸಿ, ನನಗೂ ಕೇಳಿಸುವಷ್ಟು ಗಟ್ಟಿಯಾಗಿ, "ಒಳಗೆ ನೀರಾಡ್ತೈತೆ ಕಣಮ್ಮ" ಎಂದ. ನಾನು ರೇಗಿದೆ. "ಇಷ್ಟು ವರ್ಷ ಕೇಳಿರೋ ಕಿವಿ ಇದು. ನಂಗೇ ಹೇಳ್ಕೊಡ್ತೀಯೇನ್ಲಾ" ಎಂದೆ. "ಅಣ್ಣ ಕೇಳವ್ರೆ, ನೀನು ಸುಲಿ" ಎಂದಳಂತೆ ಸಿದ್ದಮ್ಮ. ಸಂಜೆಗೆ ಅಟ್ಟ ಖಾಲಿಯಾಯಿತು. ಮರುದಿನ ಬೆಳಿಗ್ಗೆ ಒಡೆಯಲು ಕೂತರೆ ಎಲ್ಲ ಹಸಿ, ಚಿಪ್ಪಿಗಂಟಿದ ಕೊಬ್ಬರಿ, ನೆಲದ ತುಂಬ ನೀರು. ಸುಲಿದ ಕಾಯನ್ನು ಮತ್ತೆ ಸಿಪ್ಪೆಯೊಳಗೆ ಇಡಲಾಗುವುದಿಲ್ಲ.

"ನನ್ನ ಕಿವಿ ಹೋಗಿದೆ ಸಿದ್ದಮ್ಮ" ಎಂದು ಆಗ ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಎದುರಿಗೆ ಬಂದು ನಿಂತು, ಮೆಲ್ಲಗೆ, ಬಹಳ ಹೊತ್ತು ಏನೋ ಹೇಳಿದಳು. ತುಟಿ ನೋಡುವ ಧೈರ್ಯ ನನಗಿರಲಿಲ್ಲ. ಅಭ್ಯಾಸಬಲದಿಂದ "ಹೌದಮ್ಮ, ಹೌದು" ಎಂದು ತಲೆಯಾಡಿಸಿದೆ. ಜೊತೆಯಲ್ಲಿದ್ದ ಪಾರ್ವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಿದ್ದಮ್ಮ ಏನಂದಳು ಎಂದು ಪಾರ್ವತಿಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಮಾತ್ರ ಉತ್ತರ ಕೊಟ್ಟಳು. "ಅದು ನಿಮ್ಮ ಕಿವಿಗೆ ಬೀಳ್ಲಿಲ್ಲ. ಆ ಸೂಜಿಯಿಂದ ಆದ ಒಳ್ಳೇದು ಅದೊಂದೇ ಬುಡಿ" ಎಂದಳು. ಇದನ್ನು ಮಾತ್ರ ನನಗೆ ಕೇಳಿಸುವಂತೆ ಕೂಗಿಯೇ ಹೇಳಿದಳು.