ಮೂಡಲಗಿಯ ಕಡಲತಜ್ಞ

ಸಮುದ್ರವನ್ನು ನಾನು ಕಣ್ಣಾರೆ ಕಂಡವನಾಗಿರಲಿಲ್ಲ. ಆದರೂ ಸಮುದ್ರಜೀವಿಗಳ ವಿಷಯದಲ್ಲಿ ಮೂಡಲಗಿ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ದೃಢ ನಂಬಿಕೆ ಕಳೆದ ವರ್ಷದ ತನಕ ನನಗಿತ್ತು. ಬೇರೆ ಯಾರೂ ಸ್ಪರ್ಧೆಗೆ ಇಳಿದಿರಲಿಲ್ಲ ಎಂಬುದೇ ಅದಕ್ಕೆ ಮುಖ್ಯ ಕಾರಣ!

ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಹೆಂಡತಿ ಮಹಾದೇವಿ ಸರ್ಕಾರಿ ನರ್ಸು. ಬಡ್ತಿ ಸಿಕ್ಕು ಅವಳು ಕಾರವಾರಕ್ಕೆ ಹೋಗಿ ಆಗ ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಮೂರು ಖೋಲಿಯ ಬಾಡಿಗೆ ಮನೆಯಲ್ಲಿ ನಾನೊಬ್ಬ. ಒಂದರಲ್ಲಿ ಮಲಗುತ್ತೇನೆ, ಒಂದರಲ್ಲಿ ಅನ್ನ ಬೇಯಿಸುತ್ತೇನೆ, ಮೂರನೆಯದರಲ್ಲಿ ಏನು ಮಾಡಬೇಕೆಂದು ಇನ್ನೂ ತಿಳಿದಿಲ್ಲ.

ಮೊದಮೊದಲು ದಿನಾ ಸಂಜೆ ಫೋನಿನಲ್ಲಿ ಒಂದು ತಾಸು ಮಾತಾಡುತ್ತಿದ್ದೆವು. ಬರಬರುತ್ತ ಮಾತು ಸವೆಯಿತು.

"ಊಟಾತ್ರಿ?"

"ಆತು. ನಿಂದು?"

"ಆತು."

ಆಮೇಲೆ ಅವಳ ಖೋಲಿಯ ಫ್ಯಾನಿನ ಸದ್ದು ನಾನು, ನನ್ನ ಮನೆಯ ಫ್ಯಾನಿನ ಸದ್ದು ಅವಳು ಕೇಳುತ್ತ ಕೂಡುತ್ತಿದ್ದೆವು. ಫ್ಯಾನುಗಳಿಗೂ ಹೇಳಲು ಹೊಸದೇನೂ ಇರುತ್ತಿರಲಿಲ್ಲ.

ಒಂದು ದಿನ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ್ದೆ. ಮೌನ ಮುರಿಯಲೆಂದು ಅದನ್ನೇ ಹೇಳಿಬಿಟ್ಟೆ.

"ಮಹಾದೇವಿ, ಆಕ್ಟೋಪಸ್ಸಿಗೆ ಮೂರು ಹೃದಯ ಇರ್ತಾವಂತ ನೋಡು. ಈಸಾಕ ಹತ್ತಿದ್ರ ಅದರಾಗ ಒಂದು ಬಡಿಯೂದು ನಿಂದರತೈತಿ!"

"ಮೂರು? ನಿಮಗ ಒಂದರದ್ದ ಬೀಪಿ ಗುಳಿಗಿ ನೆನಪಿರೂದಿಲ್ಲ. ಮೂರಿದ್ರ ಹೆಂಗ್ರಿ?" ಎಂದು ನಕ್ಕಳು.

ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು. ಆ ಒಂದು ನಗುವಿಗಾಗಿ ನಾನು ಮರುದಿನದಿಂದಲೇ ಕಡಲ ಅಧ್ಯಯನಕ್ಕೆ ಇಳಿದೆ. ದಿನಕ್ಕೊಂದು ಪ್ರಾಣಿ! ಸಮುದ್ರಸೌತೆ ಎಂಬ ಜೀವಿ ವೈರಿ ಬಂದಾಗ ತನ್ನ ಕರುಳನ್ನೇ ಹೊರಗೆ ಚೆಲ್ಲಿ ಪಾರಾಗುತ್ತದೆ, ಮುಂದೆ ಹೊಸ ಕರುಳು ಬೆಳೆಸಿಕೊಳ್ಳುತ್ತದೆ. ಶಾರ್ಕುಗಳ ವಂಶ ಭೂಮಿಯ ಮೇಲಿನ ಮರಗಳಿಗಿಂತ ಹಳೆಯದು. ಇಂಥ ಸಂಗತಿಗಳು ಹೊಟ್ಟೆಯಲ್ಲಿ ನಿಲ್ಲಬೇಕಲ್ಲ? ಬಾಜೂ ಮನೆಯ ಗಂಗಕ್ಕನಿಗೂ ಹೇಳತೊಡಗಿದೆ.

"ಗಂಗಕ್ಕ, ಕಡಲಕುದುರಿಯೊಳಗ ಗಂಡು ಹಡೀತೈತಿ ನೋಡ್ರಿ."

ಆಕೆ ಹಿಟ್ಟು ಸಾಣಿಸುವುದನ್ನು ನಿಲ್ಲಿಸಿ ಗಂಭೀರವಾಗಿ ಕೇಳಿದಳು: "ಹಾಂಗಾರ ಅದರ ಬಾಣಂತನ ಯಾರು ಮಾಡ್ತಾರ್ರಿ?"

ಯಾವ ವಿಡಿಯೋದಲ್ಲಿಯೂ ಇದಕ್ಕೆ ಉತ್ತರವಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ನನ್ನ ಕೀರ್ತಿ ಹಬ್ಬಿತು. ಚಹಾದ ಅಂಗಡಿಯಲ್ಲಿ ನಾನು ಕುಳಿತರೆ ಬೆಂಚು ಖಾಲಿಯಾಗತೊಡಗಿತು. ಗೌರವದಿಂದ ಜಾಗ ಬಿಡುತ್ತಿದ್ದಾರೆಂದು ತಿಳಿದೆ! ಅದೇ ಹೊತ್ತಿಗೆ ಕಲ್ಲೋಳಿಯ ಶಾಲೆಯೊಂದರ ಹೆಡ್ ಮಾಸ್ತರರು ಫೋನು ಮಾಡಿದರು. ಅಲ್ಲಿನ ವಿಜ್ಞಾನ ಕಾರ್ಯಕ್ರಮಕ್ಕೆ ಬರಬೇಕಾದ ಭಾಷಣಕಾರರು ಕೈಕೊಟ್ಟಿದ್ದರು.

"ನೀವು ಸಮುದ್ರದ ಬಗ್ಗೆ ಭಾಳ ತಿಳಕೊಂಡೀರಂತ. ಶನಿವಾರ ಬಂದು ನಾಕು ಮಾತು ಹೇಳ್ರಿ."

ಸಂಜೆ ಮಹಾದೇವಿಗೆ ಹೇಳಿದೆ. ಅವಳು, "ರಜಾ ಸಿಕ್ರ ನಾನೂ ಬರ್ತೇನಿ, ನಿಮ್ಮ ಭಾಷಣ ಕೇಳಾಕ" ಎಂದಳು. ನನ್ನ ಕಿವಿಗೆ "ಬರ್ತೇನಿ" ಎಂಬುದಷ್ಟೇ ಬಿತ್ತು.

ಹೆಂಡತಿ ಬರುವ ಸಭೆಯಲ್ಲಿ ಬಾಯಿಮಾತು ಸಾಲದು, ಸಮುದ್ರದ ಜೀವಂತ ಪ್ರಾಣಿಯೊಂದನ್ನು ಪ್ರದರ್ಶಿಸಬೇಕು ಎಂದು ತೀರ್ಮಾನಿಸಿದೆ. ಶುಕ್ರವಾರ ಗೋಕಾಕಕ್ಕೆ ಹೋದೆ. ಹುಟ್ಟಿದಾಗಿನಿಂದ ಲಿಂಗ ಕಟ್ಟಿಕೊಂಡು ಬೆಳೆದ ನಾನು ಮೀನು ಮಾರುವ ಸಾಲಿಗೆ ಕಾಲಿಟ್ಟದ್ದು ಅದೇ ಮೊದಲು. ಮೂಗಿಗೆ ಕರವಸ್ತ್ರ, ಎದೆಯಲ್ಲಿ ವಿಜ್ಞಾನ! ಅಲ್ಲಿ ಬುಟ್ಟಿಯೊಂದರಲ್ಲಿ ಏಡಿಗಳು ಹರಿದಾಡುತ್ತಿದ್ದವು.

"ಇವು ಎಲ್ಲಿಂದ ಬಂದಾವವ್ವಾ?" ಎಂದು ಮಾರುವ ಹೆಂಗಸನ್ನು ಕೇಳಿದೆ.

ಆಕೆ ಪಶ್ಚಿಮಕ್ಕೆ ಕೈ ತೋರಿಸಿ, "ಆ ಕಡಿಂದ್ರಿ" ಎಂದಳು.

ನನ್ನ ಪಾಲಿಗೆ ಪಶ್ಚಿಮ ಎಂದರೆ ಕಾರವಾರ. ನಡುವೆ ಹುಕ್ಕೇರಿ ಎಂಬ ಇಡೀ ತಾಲೂಕು ಇದೆ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ದೊಡ್ಡದೊಂದು ಏಡಿಯನ್ನು ಸ್ಟೀಲಿನ ಡಬ್ಬಿಗೆ ಹಾಕಿಸಿಕೊಂಡು ಮನೆಗೆ ತಂದೆ. ಬಕೆಟ್ಟಿನಲ್ಲಿ ನೀರು ತುಂಬಿ, ಒಂದು ಪಾಕೀಟು ಉಪ್ಪು ಕದಡಿ, ಮನೆಯಲ್ಲೇ ಅರಬ್ಬೀ ಸಮುದ್ರ ಸೃಷ್ಟಿಸಿ ಅದನ್ನು ಬಿಟ್ಟೆ. ಅದು ಒಂದೇ ಸಮ ಬಕೆಟ್ಟಿನ ಗೋಡೆ ಕೆರೆಯತೊಡಗಿತು. ತವರು ನೆನಪಾಗಿರಬೇಕೆಂದು ಮರುಗಿ ಇನ್ನೊಂದು ಪಾಕೀಟು ಉಪ್ಪು ಹಾಕಿದೆ!

ಅಷ್ಟಾಗಿಯೂ ಅದು ಬದುಕಿ ಉಳಿದದ್ದು ವಿಜ್ಞಾನಕ್ಕೇ ಸವಾಲು.

ಶನಿವಾರ ಕಲ್ಲೋಳಿಯಲ್ಲಿ ಸಭೆ ತುಂಬಿತ್ತು. ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ನನ್ನ ಶಾಲು ಹಾಕಿ ಮಹಾದೇವಿಗೆ ಜಾಗ ಹಿಡಿದಿದ್ದೆ. ಎರಡು ಬಸ್ಸು ಬಂದು ಹೋದವು. ಹೆಡ್ ಮಾಸ್ತರರು, "ಇನ್ನ ಚಾಲೂ ಮಾಡೂಣ್ರಿ?" ಎಂದು ಮೂರನೇ ಸಲ ಕೇಳಿದಾಗ ಫೋನಿಗೆ ಸಂದೇಶ ಬಂತು. "ನನ್ನ ಬದಲಿ ಬರಬೇಕಾದಾಕಿ ಬರಲಿಲ್ಲ. ಬಿಡಾಕ ಆಗಲಿಲ್ರಿ. ಚಲೋ ಮಾತಾಡ್ರಿ."

ಎದ್ದು ನಿಂತೆ. ಶಾಲು ಹೊದ್ದ ಕುರ್ಚಿಯನ್ನೇ ನೋಡುತ್ತ ಮಾತು ಆರಂಭಿಸಿದೆ. "ಪ್ರಿಯ ವಿದ್ಯಾರ್ಥಿಗಳೇ! ಅಗಾಧ ಜಲನಿಧಿಯ ಗರ್ಭದಿಂದ, ಸಹಸ್ರ ಅಲೆಗಳನ್ನು ದಾಟಿ ನಿಮ್ಮ ಮುಂದೆ ಬಂದಿರುವ ಅಪೂರ್ವ ಜೀವಿಯನ್ನು ಈಗ ನೋಡಲಿದ್ದೀರಿ!" ಎಂದು ಡಬ್ಬಿಯ ಮುಚ್ಚಳ ತೆರೆದೆ.

ಮಕ್ಕಳು ಮುಖ ಮುಖ ನೋಡಿಕೊಂಡರು. ಬಾಗಿಲಲ್ಲಿ ನಿಂತಿದ್ದ ಬಿಸಿಯೂಟದ ಅಡುಗೆಯ ಯಲ್ಲವ್ವ ಕತ್ತು ಚಾಚಿ ನೋಡಿ, "ಅಯ್ಯ ಸರ! ಇದು ನಮ್ಮ ಹುಕ್ಕೇರಿ ಕಡಿ ದಡ್ಡಿ ಊರ ಹೊಳಿ ಏಡಿರಿ! ನನ್ನ ತವರಮನ್ಯಾಗ ಕುರಿ ಕಾಯಾಕ ಹ್ವಾದವ್ರು ದಿನಾ ಹಿಡೀತಾರ!" ಎಂದಳು.

"ಸಾಧ್ಯವಿಲ್ಲ" ಎಂದೆ, ತಜ್ಞನ ಗತ್ತಿನಿಂದ. ಏಡಿಯೇ ಸಾಕ್ಷಿ ಹೇಳಲಿ ಎಂಬಂತೆ ಎತ್ತಿ ಹಿಡಿಯಲು ಹೋದೆ. ಅದು ನನ್ನ ಹೆಬ್ಬೆರಳು ಹಿಡಿಯಿತು. ಎರಡು ಪಾಕೀಟು ಉಪ್ಪಿನ ಸೇಡನ್ನು ಒಂದೇ ಕಚ್ಚಿನಲ್ಲಿ ತೀರಿಸಿಕೊಂಡಿತು! ನಾನು ಕೈ ಕೊಡವಿದೆ. ಏಡಿ ಹಾರಿ ನೆಲಕ್ಕೆ ಬಿತ್ತು. ಮಕ್ಕಳು ಚೀರುತ್ತ ಬೆಂಚು ಹತ್ತಿದರು, ಹೆಡ್ ಮಾಸ್ತರರು ಮೇಜು ಹತ್ತಿದರು. ಏಡಿ ಅಡ್ಡಡ್ಡ ನಡೆದು ಮಹಾದೇವಿಯ ಖಾಲಿ ಕುರ್ಚಿಯ ಕೆಳಗೆ ಸೇರಿತು. ಯಲ್ಲವ್ವ ಬಂದು, ಬೆಂಡೆಕಾಯಿ ಎತ್ತಿದಷ್ಟು ಸಲೀಸಾಗಿ ಅದರ ಬೆನ್ನು ಹಿಡಿದು ಎತ್ತಿದಳು.

"ಸರ, ನಿಮಗ ಬ್ಯಾಡಾದ್ರ ನಾ ಒಯ್ತೇನ್ರಿ. ಸಾರು ಭಾಳ ರುಚಿ ಆಗತೈತಿ."

ಅಂದಿನ ಸಭೆಯಲ್ಲಿ ಚಪ್ಪಾಳೆ ಬಿದ್ದದ್ದು ಯಲ್ಲವ್ವನಿಗೆ.

ಸಂಜೆ ಹೆಬ್ಬೆರಳಿಗೆ ಅರಿಷಿಣ ಕಟ್ಟಿಕೊಂಡು ಮಹಾದೇವಿಗೆ ಎಲ್ಲ ಹೇಳಿದೆ. ಅವಳು ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಹೇಳಿದಳು:

"ಒಂದು ಖರೆ ಹೇಳ್ಲಿ? ಇಲ್ಲೇ ಇದ್ರೂ ನಾ ಸಮುದ್ರ ನೋಡಿ ಎರಡು ತಿಂಗಳಾತು. ದವಾಖಾನಿ, ಖೋಲಿ, ದವಾಖಾನಿ. ಒಬ್ಬಾಕಿನ ಹೋಗಿ ದಂಡಿಗೆ ಕುಂದ್ರಾಕ ಮನಸ ಬರೂದಿಲ್ರಿ. ನೀವು ದಿನಾ ಹೇಳ್ತಿದ್ರೆಲ್ಲ, ಅದ ನನ್ನ ಸಮುದ್ರ."

"ಮುಂದಿನ ಆಯ್ತವಾರ ನಾನ ಬರ್ತೇನಿ" ಎಂದೆ. ಮೊದಲೇ ಹೋಗಬಹುದಿತ್ತು. ಎರಡು ವರ್ಷದಲ್ಲಿ ಅವಳೇ ಬರುತ್ತಾಳೆಂದು ಕಾದವನೇ ಹೊರತು, ಕಾರವಾರಕ್ಕೂ ಬಸ್ಸು ಹೋಗುತ್ತದೆಂದು ನನಗೇಕೆ ಹೊಳೆಯಲಿಲ್ಲವೋ!

ಆಯ್ತವಾರ ಬೆಳಗ್ಗೆ ಕಾರವಾರದಲ್ಲಿ ಇಳಿದೆ. ಅವಳ ಡ್ಯೂಟಿ ನಾಲ್ಕರವರೆಗೆ, ನನ್ನ ವಾಪಸು ಬಸ್ಸು ಐದೂವರೆಗೆ. ಅಲ್ಲಿಯ ತನಕ ಸಮುದ್ರದ ದಂಡೆಯಲ್ಲಿ ಒಬ್ಬನೇ ಕುಳಿತೆ. ಎಷ್ಟು ದೊಡ್ಡದು ಅದು! ಸುತ್ತ ಎಲ್ಲರೂ ಜೋಡಿಯಾಗಿ, ಮನೆಮಂದಿಯಾಗಿ ಬಂದಿದ್ದರು. ಚಪ್ಪಲಿಯನ್ನು ನೀರಿನಿಂದ ಸಾಕಷ್ಟು ದೂರ ಇಟ್ಟು, ತಲೆಗೆ ಕೈ ಕೊಟ್ಟು ಒರಗಿದೆ. ನಿದ್ದೆ ಹತ್ತಿತು. ಎಚ್ಚರವಾದಾಗ ಸೊಂಟದವರೆಗೆ ನೀರು, ಚಪ್ಪಲಿ ಮಾಯ!

ಮಹಾದೇವಿ ನಾಲ್ಕು ಗಂಟೆಗೆ ಓಡೋಡಿ ಬಂದಳು.

"ಚಪ್ಪಲಿ ಎಲ್ಲದಾವ್ರಿ?"

"ಸಮುದ್ರ ಒಯ್ತು."

"ಭರತಿ ಬರತೈತಿ, ನೀರು ಮ್ಯಾಲ ಏರತೈತಿ ಅನ್ನೂದು ಗೊತ್ತಿರಲಿಲ್ಲೇನು?"

"ನಾ ಬರೇ ಪ್ರಾಣಿಗೋಳ ವಿಡಿಯೋ ನೋಡೇನಿ. ನೀರಿನ ವಿಡಿಯೋ ನೋಡಿಲ್ಲ."

ಒಂದೂವರೆ ತಾಸಿನ ಭೇಟಿಯಲ್ಲಿ ಒಂದು ತಾಸು ಚಪ್ಪಲಿ ಅಂಗಡಿ ಹುಡುಕುವುದರಲ್ಲೇ ಹೋಯಿತು. ಬಾಗಿಲು ತೆರೆದಿದ್ದ ಒಂದೇ ಅಂಗಡಿಯಲ್ಲಿ ನನ್ನ ಅಳತೆಗೆ ಸಿಕ್ಕದ್ದು ಹೆಂಗಸರ ಒಂದು ಜೋಡಿ, ಗುಲಾಬಿ ಬಣ್ಣದ್ದು, ಮೇಲೆ ಚಿಟ್ಟೆ. ಉಳಿದ ಅರ್ಧ ತಾಸು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು ನನ್ನ ಕಾಲು ನೋಡುತ್ತ ಅವಳು ನಕ್ಕಳು. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಕ್ಕು ನಕ್ಕು ಬಂದ ನೀರೇ ಇರಬೇಕೆಂದು ತಿಳಿದುಕೊಂಡೆ. ಯಾಕೆಂದರೆ ನನ್ನ ಕಣ್ಣಲ್ಲೂ ಬಂದಿತ್ತು, ಮತ್ತು ಆ ಚಪ್ಪಲಿ ಮೆಟ್ಟಿಕೊಂಡು ಮರುದಿನ ಬಸ್ಸಿಳಿದು ನೇರ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೋಗಬೇಕಾದವನು ನಾನೇ!